ಒಗ್ಗರಣೆ ಡಬ್ಬಿ: ಕುಕ್ಕರಿನ ರಬ್ಬರು, ಕಾರಿನ ಕೊಳವೆ

ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಹಪ್ಪಳ-ಸಂಡಿಗೆಗಳನ್ನು ಕಾಪಾಡುವ ಕಷ್ಟದ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನಮ್ಮ ಸಂಘದ ಹಿರಿಯರೊಬ್ಬರು ಮೊನ್ನೆ ಸಿಕ್ಕಾಗ, "ನಿಮ್ಮ ಅಂಕಣದಾಗ ಬರೇ ತಿನ್ನೂದ ಇರತದಲ್ರೀ, ನಾವು ಗಂಡಸರು ಓದೂವಂಥಾದ್ದು ಏನರೆ ಬರೀರಿ" ಎಂದು ಛೇಡಿಸಿದರು. ಆಗಲಿ, ಈ ಸಲ ಕಾರಿನ ಬಗ್ಗೆಯೇ ಬರೆಯುತ್ತೇನೆ. ಆದರೆ ಅಡುಗೆಮನೆಯಿಂದ ಅದು ಬಹಳ ದೂರವಿದೆ ಎಂದು ಮಾತ್ರ ಯಾರೂ ತಿಳಿಯಬಾರದು.

ನನ್ನ ಮಗನಿಗೆ ಕಾರಿನ ಹುಚ್ಚು. ಹಿಂಜವಡಿಯಲ್ಲಿ ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಬಂದವನು ರಾತ್ರಿ ಕಾರಿನ ಕೆಳಗೆ ಮಲಗಿರುತ್ತಾನೆ. 2021ರಲ್ಲಿ ತನ್ನದೇ ದುಡ್ಡಿನಲ್ಲಿ ಒಂದು ಹಳೆಯ ಟರ್ಬೊ ಪೆಟ್ರೋಲ್ ಕಾರನ್ನು ಕೊಂಡ. ಮೂವತ್ತು ವರ್ಷ ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮನೆಯವರು ಅದನ್ನು ಒಂದು ಸುತ್ತು ಹಾಕಿ ನೋಡಿ, "ಗಾಡಿ ಛಲೋ ಅದ, ಇದ್ದಂಗ ಇಡು" ಎಂದರು. ಇದ್ದ ಹಾಗೆ ಇಟ್ಟರೆ ಹುಚ್ಚು ಎನ್ನುವುದಾದರೂ ಹೇಗೆ? ವರ್ಷದೊಳಗೆ ಅದರ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಸಿ ಬಲ ಹೆಚ್ಚಿಸಿದ. ಆಮೇಲೆ ಒಂದು ದಿನ ಮನೆಗೆ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಬಿಚ್ಚಿದರೆ ಫಳಫಳ ಹೊಳೆಯುವ ಅಲ್ಯುಮಿನಿಯಂ ಕೊಳವೆಗಳು, ನೀಲಿ ಬಣ್ಣದ ರಬ್ಬರಿನಂಥ ತುಂಡುಗಳು, ಒಂದು ಹಿಡಿ ಕ್ಲಿಪ್ಪುಗಳು.

"ಇದೇನೋ, ಬೇಸಿನ್ನಿನ ಪೈಪ್ ತರಿಸೀಯೇನು?" ಎಂದು ಕೇಳಿದೆ.

"ಅಲ್ಲಮ್ಮಾ, ಇಂಟರ್‌ಕೂಲರ್ ಪೈಪಿಂಗ್."

ನಾನು ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು. ಇಂಟರ್ ಎಂದರೆ ನಡುವಿನದು, ಕೂಲರ್ ಎಂದರೆ ತಂಪು ಮಾಡುವುದು, ಅಷ್ಟು ಬಿಡಿಸಿ ಹೇಳಬಲ್ಲೆ. ಯಾವುದರ ನಡುವೆ, ಯಾವುದನ್ನು ತಂಪು ಮಾಡುವುದು ಎಂದು ಮಾತ್ರ ಯಾವ ಪ್ರಾಧ್ಯಾಪಕರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಗ ಹೇಳಿಕೊಟ್ಟ. ಅವನ ಬಾಯಿಂದ ಕೇಳಿದ್ದನ್ನು ನನ್ನ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ಎಂಜಿನ್ನಿಗೆ ಪೆಟ್ರೋಲು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಪೆಟ್ರೋಲು ಸುಡಬಹುದು, ಹೆಚ್ಚು ಬಲ ಬರುತ್ತದೆ. ಸಾಧಾರಣ ಕಾರು ತಾನಾಗಿ ಉಸಿರೆಳೆದುಕೊಂಡಷ್ಟು ಗಾಳಿಗೆ ತೃಪ್ತಿಪಡುತ್ತದೆ. ಟರ್ಬೊ ಕಾರಿನಲ್ಲಿ ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆಯಂತೆ. ಹೊಗೆಯಲ್ಲಿ ಹಾಳಾಗಿ ಹೋಗುವ ಶಕ್ತಿಯನ್ನು ಹೀಗೆ ದುಡಿಸಿಕೊಳ್ಳುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರು 1905ರಲ್ಲೇ ಪೇಟೆಂಟ್ ಪಡೆದಿದ್ದ. ಅನ್ನ ಬಸಿದ ಗಂಜಿಯಲ್ಲಿ ಸಾರು ಮಾಡುವ ನಮಗೆ ಇದು ತಿಳಿಯದ ವಿದ್ಯೆಯೇನಲ್ಲ.

ಆದರೆ ಒಂದು ತೊಡಕಿದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ತಳವನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಟರ್ಬೊದಿಂದ ಹೊರಬರುವ ಗಾಳಿ ಜೋರಿನ ಓಟದಲ್ಲಿ 100 ಡಿಗ್ರಿಯನ್ನೂ ದಾಟಬಹುದು. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತೆಳು, ಅಂದರೆ ಒತ್ತಿ ತುಂಬಿದ ಉಪಯೋಗವೇ ಅರ್ಧ ಹಾಳು. ಸಾಲದ್ದಕ್ಕೆ, ಬಿಸಿ ಗಾಳಿಯಲ್ಲಿ ಬೆರೆತ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ತಾನಾಗಿಯೇ ಸಿಡಿದು ಎಂಜಿನ್ನನ್ನು ಒಳಗಿನಿಂದ ಬಡಿಯುತ್ತದೆ. ಅದಕ್ಕೇ ಟರ್ಬೊಗೂ ಎಂಜಿನ್ನಿಗೂ ನಡುವೆ, ಕಾರಿನ ಮುಂದುಗಡೆ ಗಾಳಿಗೆ ಮುಖ ಮಾಡಿ ಒಂದು ಜಾಲರಿಯಂಥ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಆರಿಸಿ ಕುಡಿದ ಹಾಗೆ, ಗಾಳಿ ಅದರೊಳಗೆ ಹಾಯ್ದು ಆರಿ ಮುಂದೆ ಹೋಗುತ್ತದೆ. ಅದೇ ಇಂಟರ್‌ಕೂಲರ್. ಲಾರಿಗಳ ಹಿಂದೆ ಈ ಹೆಸರು ಬರೆದಿದ್ದನ್ನು ನೀವೂ ನೋಡಿರುತ್ತೀರಿ. ಟರ್ಬೊದಿಂದ ಅಲ್ಲಿಗೆ ಹೋಗುವುದು ಬಿಸಿಯ ಕೊಳವೆ, ಅಲ್ಲಿಂದ ಎಂಜಿನ್ನಿಗೆ ಬರುವುದು ತಂಪಿನ ಕೊಳವೆ. ಕಂಪನಿ ಕೊಟ್ಟ ಕೊಳವೆಗಳು ಸಾಮಾನ್ಯವಾಗಿ ಪ್ಲಾಸ್ಟಿಕ್ಕು ಮತ್ತು ರಬ್ಬರಿನವು. ಒತ್ತಡ ಹೆಚ್ಚಿಸಿದ ಕಾರಿನಲ್ಲಿ ಹಳೆಯ ರಬ್ಬರು ಉಬ್ಬುತ್ತದೆ, ಬಿರಿಯುತ್ತದೆ ಎಂದು ಹುಡುಗರು ಅಲ್ಯುಮಿನಿಯಂ ಕೊಳವೆ ಹಾಕಿ, ಸಂದುಗಳಿಗೆ ಸಿಲಿಕೋನ್ ತೋಳು ತೊಡಿಸಿ ಕ್ಲಿಪ್ಪಿನಿಂದ ಬಿಗಿಯುತ್ತಾರೆ.

"ಒತ್ತಡ ಅಂದರ ಎಷ್ಟೋ?" ಎಂದು ಕೇಳಿದೆ.

"ನಿನ್ನ ಕುಕ್ಕರಿನಾಗ ಇರೂವಷ್ಟಮ್ಮ. ಒಂದು ಸೆಂಟಿಮೀಟರ್ ಚೌಕಕ್ಕ ಸುಮಾರು 1 ಕಿಲೋ."

ಕುಕ್ಕರು ಎಂದ ಕೂಡಲೇ ನನಗೆ ಎಲ್ಲ ಅರ್ಥವಾಯಿತು. ಎರಡೂವರೆ ಇಂಚಿನ ಕೊಳವೆಯ ಬಾಯಿ ಸುಮಾರು 31 ಚದರ ಸೆಂಟಿಮೀಟರು. ಅಂದರೆ ಬಾಗಿದ ಕೊಳವೆಯ ತುದಿಯನ್ನು ತೋಳಿನಿಂದ ಕಿತ್ತು ಹೊರದಬ್ಬಲು ಒಳಗಿನ ಗಾಳಿ 30 ಕಿಲೋ ಭಾರದಷ್ಟು ನೂಕುತ್ತಿರುತ್ತದೆ. ತುಂಬಿದ ಗ್ಯಾಸ್ ಸಿಲಿಂಡರಿನ ತೂಕ ಹೆಚ್ಚು ಕಡಿಮೆ ಅಷ್ಟೇ. ಆ ಭಾರವನ್ನೆಲ್ಲ ತಡೆದು ನಿಲ್ಲಬೇಕಾದ್ದು ಒಂದು ಕ್ಲಿಪ್ಪು.

2022ರ ನವೆಂಬರಿನ ಒಂದು ಭಾನುವಾರ ಮಗ ಬೆಳಿಗ್ಗೆಯೇ ಕೆಲಸಕ್ಕೆ ಕೂತ. ಸಂಜೆ ನಮ್ಮ ಸಂಘದ ರಾಜ್ಯೋತ್ಸವ. ನನ್ನದೊಂದು ಸ್ವಾಗತ ಗೀತೆ ಇತ್ತು, ಐದಕ್ಕೆ ಹೊರಡಬೇಕಿತ್ತು. ಮೂರು ಗಂಟೆಯಿಂದಲೇ ನಾನು ಬಾಲ್ಕನಿಯಿಂದ "ಮುಗೀತೇನೋ?" ಎಂದು ಕೂಗತೊಡಗಿದೆ. ತಂಪಿನ ಕಡೆಯ ಕೊಳವೆ ಒಂದು ಇಂಚು ಉದ್ದವಾಗಿ ಕೂಡುತ್ತಿರಲಿಲ್ಲ. ಅವನು ಗರಗಸದಿಂದ ಅದರ ತುದಿ ಕೊಯ್ದು, ಮೇಲೆ ತೋಳು ಎಳೆದು, ಪೆಟ್ಟಿಗೆಯಲ್ಲಿ ಬಂದ ಕ್ಲಿಪ್ಪು ಬಿಗಿದು, ಕೈತೊಳೆದುಕೊಂಡು ಮೇಲೆ ಬಂದ. ನಾನು ಸಮಯಕ್ಕೆ ಸರಿಯಾಗಿ ವೇದಿಕೆಯ ಮೇಲಿದ್ದೆ. ಚಪ್ಪಾಳೆಯೂ ಬಿತ್ತು.

ಮೂರು ವಾರ ಏನೂ ಆಗಲಿಲ್ಲ. ಪುಣೆಯ ಟ್ರಾಫಿಕ್ಕಿನಲ್ಲಿ ಯಾವ ಟರ್ಬೊಗೆ ತಾನೇ ಜೋರು ಮಾಡಲು ಅವಕಾಶ?

ಡಿಸೆಂಬರಿನ ಒಂದು ರಾತ್ರಿ ಒಂಬತ್ತಕ್ಕೆ ಧಾರವಾಡದಿಂದ ತಮ್ಮನ ಫೋನು. ಅವ್ವಗೆ ಪಾರ್ಶ್ವವಾಯು ಹೊಡೆದಿದೆ, ಐಸಿಯುದಲ್ಲಿ ಇಟ್ಟಿದ್ದಾರೆ, ಹೊರಟು ಬಾ. ಬಸ್ಸು, ರೈಲು ಎಂದು ನೋಡುತ್ತ ಕೂಡುವ ಹೊತ್ತಲ್ಲ. ಮಗ ಕೀಲಿಕೈ ಕೈಯಲ್ಲಿ ಹಿಡಿದೇ ನಿಂತಿದ್ದ. ಒಂಬತ್ತೂವರೆಗೆ ನಾವು ಮೂವರೂ ಹೊರಟೆವು. ನಾನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಬೆಳಗಿನ ಐದಕ್ಕೆ ಮುಟ್ಟಬಹುದು, ಏಳು ಗಂಟೆಗೆ ಐಸಿಯುದೊಳಗೆ ಬಿಡುತ್ತಾರೆ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಖಂಬಾಟ್ಕಿ ಘಾಟನ್ನು ಬಲ್ಲವರು ಬಲ್ಲಿರಿ. ಆಗ ಪುಣೆಯ ಕಡೆಗೆ ಬರುವವರಿಗೆ ಸುರಂಗವಿತ್ತು, ಸಾತಾರಾ ಕಡೆಗೆ ಹೋಗುವವರಿಗೆ ತಿರುವು ತಿರುವಿನ ಏರು. ಮುಂದೊಂದು ಲಾರಿ ತೆವಳುತ್ತಿತ್ತು. ಅದನ್ನು ದಾಟಲೆಂದು ಮಗ ಕಾಲು ಒತ್ತಿದ. ಬಾನೆಟ್ಟಿನೊಳಗೆ ಧಡ್ ಎಂದು ಒಂದು ಶಬ್ದ, ಹಿಂದೆಯೇ ಕುಕ್ಕರಿನ ರಬ್ಬರು ಕಿತ್ತಾಗ ಬರುವಂಥ ಬುಸ್ಸೆನ್ನುವ ಸದ್ದು. ಬಲವೆಲ್ಲ ಸೋರಿಹೋಗಿ ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು, ಲಾರಿಯ ಪಕ್ಕದಲ್ಲಿ, ಏರಿನ ನಡುವೆ. ಹಿಂದೆ ಇನ್ನೊಂದು ಲಾರಿ. ಅದರ ದೀಪ ನಮ್ಮ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅದರ ಡ್ರೈವರು ಬ್ರೇಕು ಹಾಕಿದ. ನಾವು ಉಳಿದೆವು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಆ ಲಾರಿಯದು ಕೆ.ಎ. 25 ನಂಬರು, ನಮ್ಮ ಧಾರವಾಡ ಜಿಲ್ಲೆಯದೇ. ಡ್ರೈವರು ಇಳಿದು ಬಂದು ಕಾರನ್ನು ಬದಿಗೆ ನೂಕಿಸಿ, ಹಿಂದೆ ಕಲ್ಲು, ಗಿಡದ ಟೊಂಗೆ ಇಟ್ಟು, "ಎಲ್ಲಿಗೆ ಹೊಂಟೀರಿ ಅಕ್ಕಾರ?" ಎಂದು ಕೇಳಿದ.

"ಧಾರವಾಡಕ್ಕರೀ. ನಮ್ಮವ್ವಗ ಭಾಳ ಆರಾಮಿಲ್ಲ."

"ಹಂಗಾರ ತಡೀರಿ, ನೋಡೂಣು."

ಬ್ಯಾಟರಿ ಹಿಡಿದು ನೋಡಿದವನು ಒಂದೇ ನೋಟಕ್ಕೆ ಹೇಳಿದ, "ಗಾಳಿ ಪೈಪ್ ಕಿತ್ತೈತ್ರಿ. ನಮ್ಮ ಲಾರ್ಯಾಗೂ ಇದ ಇರತೈತಿ." ಎಂಜಿನ್ ಆರುವ ತನಕ ಮುಕ್ಕಾಲು ಗಂಟೆ ಕಾಯಿಸಿದ. ಆಮೇಲೆ ಕೊಳವೆಯ ತುದಿಯ ಮೇಲೆ ಬೆರಳಾಡಿಸಿ ಮಗನ ಮುಖ ನೋಡಿದ. "ಇದರ ಗೆಣ್ಣು ಎಲ್ಲೈತಪಾ ತಮ್ಮಾ?" ಮಗ ಮಾತಾಡಲಿಲ್ಲ.

ಕೊಳವೆಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬಿದ ಅಂಚು ಇರುತ್ತದೆ. ಕಬ್ಬಿನ ಗಣ್ಣಿನಂಥ ಅದರ ಹಿಂದೆ ಕ್ಲಿಪ್ಪು ಕೂತರೆ ಎಷ್ಟೇ ನೂಕಿದರೂ ತೋಳು ಜಾರುವುದಿಲ್ಲ. ನನ್ನ ಮಗ ಅವಸರದಲ್ಲಿ ಕೊಯ್ದು ಎಸೆದದ್ದು ಆ ಅಂಚನ್ನೇ. ನುಣ್ಣನೆಯ ಕೊಳವೆಗೆ ಎಂಜಿನ್ನಿನ ಎಣ್ಣೆಯ ಪಸೆ ಬೇರೆ ಹತ್ತಿತ್ತು. ಡ್ರೈವರು ಅದನ್ನು ಬಟ್ಟೆಯಿಂದ ಒರೆಸಿ, ಕೂಡಿಸಿ, ತನ್ನ ಡಬ್ಬಿಯಿಂದ ಇನ್ನೊಂದು ಕ್ಲಿಪ್ಪು ತೆಗೆದು ಬಿಗಿದು, ಕೊಳವೆ ಹಿಂದೆ ಸರಿಯದಂತೆ ಎರಡೂ ಬದಿಯ ಕ್ಲಿಪ್ಪುಗಳನ್ನು ತಂತಿಯಿಂದ ಎಳೆದು ಕಟ್ಟಿದ. "ನಿಧಾನಕ ಹೋಗ್ರಿ, ಜೋರ್ ಒತ್ತಬ್ಯಾಡ್ರಿ. ಒತ್ತಲಿಲ್ಲಂದ್ರ ಗಾಳೀನೂ ನೂಕೂದಿಲ್ಲ" ಎಂದ. ದುಡ್ಡು ಕೊಡಹೋದರೆ, "ಅವ್ವನ ಕಡೆ ಹೊಂಟೀರಿ, ಹೋಗ್ರಿ" ಎಂದು ಲಾರಿ ಹತ್ತಿದ. ಹೆಸರು ಕೇಳಲೂ ನನಗೆ ಹೊಳೆಯಲಿಲ್ಲ. ಅವನೋ ಅವನ ಮನೆಯವರೋ ಈ ಪುಟವನ್ನು ನೋಡುವುದು ಸಾಧ್ಯವಿಲ್ಲ, ಆದರೂ ಬರೆದಿಡುತ್ತೇನೆ.

ಧಾರವಾಡ ಮುಟ್ಟಿದಾಗ ಬೆಳಗಿನ ಒಂಬತ್ತೂವರೆ. ಐಸಿಯುದ ಬಾಗಿಲು ಮುಚ್ಚಿತ್ತು. ಇನ್ನು ಸಂಜೆ ಐದಕ್ಕೇ. ಏಳೂವರೆ ತಾಸು ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವುದು, ಮತ್ತೆ ಕೂಡುವುದು. ಮಗ ನನ್ನ ಪಕ್ಕದಲ್ಲೇ ಇದ್ದ, ಉಗುರಿನ ಸಂದಿಯಲ್ಲಿ ಎಣ್ಣೆಯ ಮಸಿ ಹಾಗೆಯೇ ಇತ್ತು. ಚಹಾ ಕೂಡ ಕುಡಿಯಲಿಲ್ಲ. ನಾನೂ ಅವನಿಗೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವನಿಗೆ ಹೆಚ್ಚು ಕಠಿಣವಾಗಿತ್ತೆಂದು ಈಗ ತೋರುತ್ತದೆ. ಸಂಜೆ ಒಳಗೆ ಹೋದಾಗ ಅವ್ವ ಕಣ್ಣು ತೆರೆದು ಗುರುತು ಹಿಡಿದಳು. ಎಡಗೈಯಿಂದ ನನ್ನ ಬೆರಳು ಹಿಡಿದಳು. ಆ ಸಲ ಅವಳು ಉಳಿದಳು, 2024ರ ಯುಗಾದಿ ಕಂಡಳು. ದೇವರು ದೊಡ್ಡವನು.

ಪುಣೆಗೆ ಮರಳಿದ ಮೇಲೆ ಮಗ, "ಕಾರು ಮಾರಿಬಿಡ್ತೀನಮ್ಮಾ" ಎಂದ. ಇವರೂ ಹೂಂಗುಟ್ಟಿದರು. ನಾನು ಎರಡು ದಿನ ಯೋಚಿಸಿದೆ. ಕುಕ್ಕರಿನ ರಬ್ಬರು ಹಾರಿ ಬೇಳೆಯೆಲ್ಲ ಅಟ್ಟಕ್ಕೆ ಸಿಡಿದಾಗ ನಾವು ಕುಕ್ಕರನ್ನು ಬಿಸಾಡುತ್ತೇವೆಯೇ? ರಬ್ಬರು ಯಾಕೆ ಹಾರಿತೆಂದು ನೋಡುತ್ತೇವೆ. ಆ ಭಾನುವಾರ ಬಾಲ್ಕನಿಯಿಂದ ಕೂಗಿದವಳು ಯಾರು? ತಪ್ಪಿನಲ್ಲಿ ನಾಲ್ಕಾಣೆ ಪಾಲು ನನ್ನದೂ ಇತ್ತು. "ಮಾರಬ್ಯಾಡ. ಸರಿಯಾಗಿ ಮಾಡು. ನಾನೂ ಕೂಡತೀನಿ" ಎಂದೆ.

ಸಂಕ್ರಾಂತಿ ಕಳೆದ ಮೇಲೆ ಕೂತೆವು. ನನ್ನ ಕೆಲಸ ಹಳೆಯ ಧೋತರದ ಚಿಂದಿ ಒದಗಿಸುವುದು. ಕೊಳವೆ ಬಿಚ್ಚಿದ ಕೂಡಲೇ ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿಡಬೇಕು. ಒಂದು ಪುಟ್ಟ ನಟ್ಟು ಒಳಗೆ ಬಿದ್ದರೂ ಲಕ್ಷ ಸುತ್ತು ತಿರುಗುವ ಆ ಚಕ್ರ ಪುಡಿಪುಡಿ. ಹೊಸ ಕೊಳವೆಯನ್ನು ಅಳತೆಗೆ ಕೊಯ್ಸಿ, ಅಂಗಡಿಯಲ್ಲಿ ಯಂತ್ರದಿಂದ ಅಂಚು ಉಬ್ಬಿಸಿಕೊಂಡು ಬಂದಿದ್ದ. ಕೊಯ್ದಾಗ ಒಳಗುಳಿದ ಲೋಹದ ಚೂರುಗಳು ಹೋಗುವಂತೆ ನಾನೇ ಬಾಟಲಿ ಬ್ರಶ್ಶು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದೆ. ಮೊದಲು ಯಾವುದನ್ನೂ ಬಿಗಿಯದೆ ಎಲ್ಲ ಕೊಳವೆಗಳನ್ನು ಸಡಿಲಾಗಿ ಕೂಡಿಸಿ ನೋಡಿದ. ಜೋರು ಕೊಟ್ಟಾಗ ಎಂಜಿನ್ನು ತನ್ನ ಜಾಗದಲ್ಲೇ ಹೊಯ್ದಾಡುತ್ತದೆ, ಆದ್ದರಿಂದ ಕೊಳವೆ ಫ್ಯಾನಿಗಾಗಲಿ ಬೆಲ್ಟಿಗಾಗಲಿ ಚಕ್ರಕ್ಕಾಗಲಿ ತಗುಲದಂತೆ ಸುತ್ತಲೂ ಜಾಗ ಬಿಡಬೇಕು. ಎಲ್ಲ ಸರಿಯಾಗಿ ಕೂತ ಮೇಲೆ ತುದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ತೋಳು ಅಂಚನ್ನು ದಾಟಿ ಒಳಗೆ ಬರುವಂತೆ ಎಳೆದು, ಕ್ಲಿಪ್ಪನ್ನು ಅಂಚಿನ ಹಿಂದೆ ಕೂಡಿಸಿ ಬಿಗಿದ. ಹಲ್ಲು ಕೊರೆದ ಅಗ್ಗದ ಕ್ಲಿಪ್ಪು ಸಿಲಿಕೋನನ್ನು ಕಚ್ಚಿ ಹರಿಯುತ್ತದೆಂದು, ಈ ಸಲ ಬೋಲ್ಟಿನಿಂದ ಸುತ್ತಲೂ ಸಮನಾಗಿ ಬಿಗಿಯುವ ಅಗಲ ಪಟ್ಟಿಯ ಕ್ಲಿಪ್ಪು ತಂದಿದ್ದ. ಅದನ್ನೂ ಹದ ಮೀರಿ ಬಿಗಿದರೆ ತೋಳು ಹರಿಯುತ್ತದೆ.

ಮುಗಿಯಿತು ಎನ್ನುವಷ್ಟರಲ್ಲಿ ನಾನು ಕೇಳಿದೆ, "ಚಿಂದಿ ಎಷ್ಟು ಬಂದವು?"

"ಎರಡು."

"ನಾ ಕೊಟ್ಟದ್ದು ಮೂರು."

ಅವನ ಮುಖ ಬಿಳಿಚಿಕೊಂಡಿತು. ಮತ್ತೆ ಬಿಚ್ಚಿ ನೋಡಿದರೆ ಮೂರನೆಯದು ಇಂಟರ್‌ಕೂಲರಿನ ಬಾಯಲ್ಲೇ ಇತ್ತು. ಹಬ್ಬದಲ್ಲಿ ಬಡಿಸಲು ಕೊಟ್ಟ ಚಮಚಗಳನ್ನು ಎಣಿಸಿ ಒಳಗಿಡುವ ರೂಢಿ ನಮ್ಮದು. ಅದು ಹೀಗೆ ಉಪಯೋಗಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕೊನೆಗೆ ಸೋರಿಕೆಯ ಪರೀಕ್ಷೆ. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಮುಚ್ಚಳ ಹಾಕಿ, ಅದರೊಳಗಿನ ವಾಲ್ವಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿ, ಸಂದು ಸಂದಿಗೆ ಸಾಬೂನು ನೀರು ಹಚ್ಚಿದ. ಸಿಲಿಂಡರು ಬದಲಿಸಿದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. ಅರ್ಧ ಸುತ್ತು ಬಿಗಿದ ಮೇಲೆ ನಿಂತಿತು. ನೂರು ಕಿಲೋಮೀಟರು ಓಡಿ, ಕಾದು ಆರಿದ ಮೇಲೆ ಇನ್ನೊಮ್ಮೆ ಎಲ್ಲ ಕ್ಲಿಪ್ಪುಗಳನ್ನು ನೋಡಿದ.

ಇಷ್ಟೆಲ್ಲ ಮಾಡಿ ಬಲ ಎಷ್ಟು ಹೆಚ್ಚಿತು ಎಂದು ಕೇಳಿದರೆ, ಬರೀ ಕೊಳವೆಯಿಂದ ಹೆಚ್ಚೇನೂ ಇಲ್ಲ ಎಂದು ಮಗನೇ ಒಪ್ಪುತ್ತಾನೆ. ಕೊಳವೆ ತೀರಾ ದಪ್ಪವಾದರೆ ಅದನ್ನು ಗಾಳಿ ತುಂಬುವುದಕ್ಕೇ ಹೊತ್ತು ಹಿಡಿದು ಕಾರು ಮಂದವಾಗುತ್ತದಂತೆ. ಬಲ ಹೆಚ್ಚಿಸಲು ಬರೆಸಿದ್ದ ಹೊಸ ಲೆಕ್ಕವನ್ನು ಅಳಿಸಿ ಮೊದಲಿನದನ್ನೇ ಹಾಕಿಸಬೇಕು ಎಂಬುದು ನನ್ನ ಒಂದು ಷರತ್ತು. ವಿಮಾ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಬೇಕು ಎಂಬುದು ಇನ್ನೊಂದು. ಇದು ನನ್ನ ಹಟವಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನ ಮಕ್ಕಳಿದ್ದರೆ ಪೆಟ್ಟಿಗೆ ಬಿಚ್ಚುವ ಮೊದಲೇ ಇದನ್ನು ಓದಿ ಹೇಳಿ. "ನಿಮ್ಮಮ್ಮ ಕಾರಿಗೂ ಪಥ್ಯ ಹಾಕ್ಯಾಳ" ಎಂದು ಇವರು ನಗುತ್ತಾರೆ. ನಗಲಿ.

ಈಗ ಧಾರವಾಡಕ್ಕೆ ಹೋಗಬೇಕಾದಾಗ ಮಗ ಹಿಂದಿನ ದಿನವೇ ಬಾನೆಟ್ಟು ತೆರೆದು ಒಂದೊಂದೇ ಕ್ಲಿಪ್ಪು ಮುಟ್ಟಿ ನೋಡುತ್ತಾನೆ. ನಾನು ಬಾಲ್ಕನಿಯಲ್ಲಿ ನಿಂತಿರುತ್ತೇನೆ, ಕೂಗುವುದಿಲ್ಲ. ಅವ್ವ ಇಲ್ಲದ ಮನೆಗೆ ಮುಟ್ಟಲು ಈಗ ಅವಸರವೂ ಇಲ್ಲ. ಖಂಬಾಟ್ಕಿ ಏರುವಾಗ ಮಾತ್ರ ಪ್ರತಿ ಸಲ ಕೆ.ಎ. 25 ನಂಬರಿನ ಲಾರಿ ಕಾಣುತ್ತದೆಯೇ ಎಂದು ಕಣ್ಣು ಹುಡುಕುತ್ತದೆ.

ಮುಂದಿನ ತಿಂಗಳು ಮತ್ತೆ ಒಲೆಯ ಕಡೆಗೇ ತಿರುಗೋಣ. ಅಲ್ಲಿಯ ತನಕ, ಕುಕ್ಕರಿನ ರಬ್ಬರು ಬದಲಿಸಿ ವರ್ಷವಾಗಿದ್ದರೆ ಇಂದೇ ತೆಗೆದು ನೋಡಿ.